ಗೋಡೆಯ ಮೇಲಿನ ಊಟ

ನಮ್ಮ ಮಣ್ಣಿನ ಊರು ಜೆನ್ನೆಯಲ್ಲಿ ನಾನು ಬೀದಿಗಿಳಿದರೆ ಜನ ದಾರಿ ಬಿಡುತ್ತಿದ್ದ ಕಾಲವೊಂದಿತ್ತು. ಕೊಮುಸಾ ತೆನೆನ್ತಾವ್ ಬಂದ, ಗಾರೆಯವರಲ್ಲೇ ದೊಡ್ಡ ಗಾರೆಯವನು ಬಂದ ಎನ್ನುತ್ತಿದ್ದರು. ನಾನೂ ಗಾರೆ ಮೆತ್ತುವ ಕರಣೆಯನ್ನು ಸೊಂಟಕ್ಕೆ ಸಿಕ್ಕಿಸಿ, ಗಡ್ಡ ನೀವಿಕೊಳ್ಳುತ್ತಾ, ಕಂಡವರ ಗೋಡೆಯನ್ನೆಲ್ಲ ತಲೆಯೆತ್ತಿ ನೋಡಿ ‘ಹೂಂ’ ಅನ್ನುತ್ತಿದ್ದೆ. ನನ್ನ ಆ ಒಂದು ‘ಹೂಂ’ ಕೇಳಿದರೆ ಮನೆಯವರಿಗೆ ನೆಮ್ಮದಿ. ಇವತ್ತು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಮುಚ್ಚಿಡಲು ಇನ್ನೇನು ಉಳಿದಿದೆ, ಮಣ್ಣು? ಎರಡಂತಸ್ತಿನ ಮಣ್ಣಿನ ಮನೆಗಳನ್ನು ತಲೆಮಾರುಗಳಿಂದ ಕಟ್ಟಿಕೊಂಡು ಬಂದ ವಂಶದಲ್ಲಿ ಹುಟ್ಟಿದ ನನಗೆ ಎತ್ತರವೆಂದರೆ ಪ್ರಾಣಭಯ. ಬಾಗಿಲಿಗಿಂತ ಮೇಲಕ್ಕೆ ಕಾಲಿಟ್ಟರೆ ಕೈಗೆ ಸಿಕ್ಕಿದ್ದನ್ನು ಅಪ್ಪಿಕೊಂಡು ಕಣ್ಣು ಮುಚ್ಚಿಬಿಡುತ್ತೇನೆ. ಗಾರೆಯವನಿಗೆ ಎತ್ತರದ ಭಯ ಅಂದರೆ ಬೆಸ್ತನಿಗೆ ನೀರಿನ ಭಯ ಇದ್ದ ಹಾಗೆ. ನಾವು ಬೊಜೊ ಕುಲದವರು, ಅಸಲಿಗೆ ಬೆಸ್ತರೂ ಹೌದು. ನೀರಿಗೆ ಹೆದರುವುದಿಲ್ಲ ಅನ್ನುವುದೊಂದೇ ನನಗೆ ಸಮಾಧಾನ.

ಹುಟ್ಟಿದಾಗಿನಿಂದ ಹೀಗಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗೋಡೆಯ ನೆತ್ತಿಯ ಮೇಲೆ ನಿಂತು ಕೆಳಗೆ ಹೋಗುತ್ತಿದ್ದ ಹುಡುಗಿಯರಿಗೆ ಕಾಣಲೆಂದು ಒಂಟಿ ಕಾಲಿನಲ್ಲಿ ಕುಣಿದೆ. ಮೂರನೆಯ ಕುಣಿತಕ್ಕೆ ಜಾರಿದೆ. ಬಿದ್ದದ್ದು ಗಾರೆ ಕೊಳೆಯಲು ಹಾಕಿದ್ದ ಗುಂಡಿಗೆ. ತಿಂಗಳಿಡೀ ಭತ್ತದ ಹೊಟ್ಟಿನ ಜೊತೆ ಕೊಳೆತು ನಾರುತ್ತಿದ್ದ ಮಣ್ಣಿನಲ್ಲಿ ಸೊಂಟದವರೆಗೆ ಹೂತುಹೋದೆ. ಒಂದು ಎಲುಬೂ ಮುರಿಯಲಿಲ್ಲ. ಜನ ಓಡಿ ಬಂದರು. ಅಷ್ಟು ಹುಡುಗಿಯರ ಮುಂದೆ ಏನು ಹೇಳಲಿ? ಒಂದು ಹಿಡಿ ಮಣ್ಣು ತೆಗೆದು ಮೂಸಿ, ‘ಇನ್ನೂ ಮೂರು ದಿನ ಬೇಕು’ ಎಂದೆ. ಗಾರೆ ಪರೀಕ್ಷಿಸಲು ಗೋಡೆಯಿಂದಲೇ ಗುಂಡಿಗೆ ಹಾರುವ ಗಂಡು ಎಂದು ಊರೆಲ್ಲ ಹೆಸರಾಯಿತು. ಆ ಹುಡುಗಿಯರಲ್ಲಿ ಒಬ್ಬಳಾದ ಪಿಂದಾ ನನ್ನನ್ನು ಮದುವೆಯಾಗಿ, ಮೊದಲ ವಾರದಲ್ಲೇ ನಿಜ ತಿಳಿದುಕೊಂಡು, ಹಣೆ ಚಚ್ಚಿಕೊಂಡಳು. ಗುಂಡಿಗೆ ಬಿದ್ದಂದಿನಿಂದ ನಾನು ಎತ್ತರಕ್ಕೆ ಹತ್ತಿದ್ದಿಲ್ಲ.

ಹಾಗಾದರೆ ಕೆಲಸ ಹೇಗೆ ನಡೆಯಿತು ಅಂತೀರಾ? ನನ್ನ ತಮ್ಮ ಬೆಸೆರೆ ಇದ್ದ. ನಮ್ಮಿಬ್ಬರ ನಡುವೆ ಒಪ್ಪಂದ: ಬಾಗಿಲಿನಿಂದ ಕೆಳಗೆ ನನ್ನದು, ಮೇಲೆ ಅವನದು. ಅವನು ಗೋಡೆಯಿಂದ ಹೊರಚಾಚಿದ ತಾಳೆಮರದ ಗೂಟಗಳ ಮೇಲೆ ಅಳಿಲಿನ ಹಾಗೆ ಓಡಾಡುತ್ತಾ ಗಾರೆ ಮೆತ್ತುತ್ತಿದ್ದ. ನಾನು ಕೆಳಗೆ ನಿಂತು ‘ಎಡಕ್ಕೆ! ಇನ್ನೂ ತೆಳ್ಳಗೆ!’ ಎಂದು ಕೂಗುತ್ತಿದ್ದೆ. ಕೂಗುವವನೇ ದೊಡ್ಡವನೆಂದು ಜನ ತಿಳಿದರು, ನಾನು ತಿದ್ದಲಿಲ್ಲ. ಹೊಗಳಿಕೆ ನನಗೆ, ಬೆನ್ನುನೋವು ಅವನಿಗೆ. ಇಪ್ಪತ್ತೈದು ವರ್ಷ ಹೀಗೆ ನಡೆಯಿತು. ಆಮೇಲೆ ಅವನು ಟಿಂಬಕ್ಟುವಿಗೆ ಕೆಲಸಕ್ಕೆಂದು ದೋಣಿ ಹತ್ತಿ ಹೋದವನು ಅಲ್ಲೇ ಮದುವೆಯಾಗಿ ನಿಂತುಬಿಟ್ಟ. ಅಣ್ಣ, ಇನ್ನು ಮೇಲಿನದೂ ನಿನ್ನದೇ ಎಂದು ಹೇಳಿಕಳಿಸಿದ್ದ. ಆ ಮಾತು ಕೇಳಿ ಪಿಂದಾ ಊಟದ ನಡುವೆಯೇ ನಕ್ಕು, ಅನ್ನ ನೆತ್ತಿಗೇರಿಸಿಕೊಂಡಳು.

ನಮ್ಮಲ್ಲಿ ಒಂದು ಮನೆಗೆ ಒಂದೇ ಗಾರೆಯ ವಂಶ. ಅಪ್ಪ ಸಾಯುವಾಗ ಮಗನ ಕಿವಿಯಲ್ಲಿ ಆ ಮನೆಯ ಗೋಡೆಗಳಿಗೆ ಹೇಳುವ ಮಂತ್ರ ಹೇಳಿ ಹೋಗುತ್ತಾನೆ. ಆ ಮಗನಿರುವವರೆಗೆ ಬೇರೊಬ್ಬ ಗಾರೆಯವನು ಆ ಗೋಡೆಗೆ ಒಂದು ಹಿಡಿ ಮಣ್ಣನ್ನೂ ಮೆತ್ತುವಂತಿಲ್ಲ. ತನ್ನಿಂದಾಗದು ಎಂದರೆ ಗಾರೆಯವರ ಕೂಟದ ಹಿರಿಯನ ಕಾಲ ಬಳಿ ಕರಣೆ ಇಟ್ಟು ಕೈಮುಗಿಯಬೇಕು. ಇಟ್ಟವನ ವಂಶ ಅಲ್ಲಿಗೆ ಮುಗಿಯಿತು, ಮಕ್ಕಳು ಮೊಮ್ಮಕ್ಕಳು ಬರೀ ಮೀನು ಹಿಡಿದುಕೊಂಡಿರಬೇಕು. ಅಪ್ಪ ನನಗೆ ಬಿಟ್ಟುಹೋದದ್ದು ಸಂತೆ ಬಯಲಿಗೆ ಮುಖ ಮಾಡಿದ ದಾದೋ ಅವರ ಮನೆ.

ದಾದೋ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರ ಗಂಡ ಮೇಲಿನ ಕೋಣೆಯಲ್ಲಿ ಕೂತು ಪಾಠ ಹೇಳುತ್ತಿದ್ದ ದೊಡ್ಡ ವಿದ್ವಾಂಸರು. ನಕ್ಷತ್ರಗಳ ನಡೆ, ನ್ಯಾಯದ ಮಾತು, ಔಷಧದ ಬೇರು, ಏನು ಕೇಳಿದರೂ ಎದ್ದು ಹೋಗಿ ಒಂದು ಪುಸ್ತಕ ತೆಗೆದು ತೋರಿಸುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಪುಸ್ತಕಗಳು ಆ ಕೋಣೆಯಲ್ಲೇ ಇದ್ದವು. ಬರೆದವರ ಕೈಬರಹ ನೋಡಿ ನಕಲು ಮಾಡಿಕೊಳ್ಳಲು ದೂರದ ವಾಲಾತಾದಿಂದಲೂ ಜನ ಬರುತ್ತಿದ್ದರು. ಬೆಸೆರೆ ಹೋದ ಮರುವರ್ಷ ಮಳೆಗಾಲಕ್ಕೆ ಇನ್ನು ಎರಡು ತಿಂಗಳಿದೆ ಅನ್ನುವಾಗ ದಾದೋ ನನ್ನನ್ನು ಕರೆಸಿದರು. ಕೋಣೆಯ ಒಳಗೋಡೆಯಲ್ಲಿ ಒಂದು ಕಲೆ, ಅಂಗೈಯಗಲ.

‘‘ಹೋದ್ ವರ್ಷ ಇದು ಕೋಲಾ ಕಾಯಷ್ಟಿತ್ತು ಕೊಮುಸಾ,’’ ಎಂದರು ದಾದೋ. ‘‘ಮಾಳಿಗೆ ನೀರು ಹೊರಗೆ ಹಾಯಿಸೋ ನೀರುದೋಣಿ ಒಡೆದಿದೆ. ಹೊರಗಿನ ಗಾರೆ ಉದುರಿದೆ. ಈ ಮಳೆ ಒಂದ್ ಬಂತು ಅಂದ್ರೆ ಗೋಡೇನೇ ಪುಸ್ತಕದ ಮೇಲೆ ಮಲಗುತ್ತೆ. ಯಾವಾಗ ಹತ್ತುತೀಯ?’’

‘‘ಗಾರೆ ಕೊಳೀಬೇಕಲ್ಲಮ್ಮ,’’ ಎಂದೆ.

ಗಾರೆ ಕೊಳೆಯಿತು. ಆಮೇಲೆ ನನ್ನ ಮಂಡಿಗೆ ನೋವು ಬಂತು. ಮಂಡಿ ಸರಿಹೋದ ದಿನ ಗಾಳಿ ಸರಿಯಿರಲಿಲ್ಲ. ಗಾಳಿ ನಿಂತ ದಿನ ಎಡಗಡೆಯಿಂದ ಹದ್ದು ಹಾರಿತು. ಅದು ಹಾರಿದ್ದು ನಿಜಕ್ಕೂ ಬಲಗಡೆಯಿಂದ. ಹದ್ದಿಗೇನು, ಬಂದು ಸಾಕ್ಷಿ ಹೇಳುವುದಿಲ್ಲವಲ್ಲ ಎಂದುಕೊಂಡೆ.

‘‘ನಿಜ ಹೇಳ್ಬಿಡಿ ಆ ಯಮ್ಮಂಗೆ,’’ ಎಂದಳು ಪಿಂದಾ. ‘‘ಕರಣೆ ಇಟ್ಬಿಡಿ. ಪುಸ್ತಕಾನಾದ್ರೂ ಉಳೀಲಿ.’’

‘‘ಕರಣೆ ಇಟ್ರೆ ಅಪ್ಪನ ಹೆಸರು?’’

‘‘ಹತ್ತಿ ಬಿದ್ದು ಸತ್ರೆ ನಿಮ್ಮಪ್ಪನ ಹೆಸರನ್ನ ಗೋಡೆ ಮೇಲೆ ಬರೀತಾರಾ? ಹತ್ತೋದಾದ್ರೆ ಹತ್ತಿ, ಇಲ್ಲಾಂದ್ರೆ ಇಡಿ. ಇದೇನು, ಅತ್ತ ದರಿ ಇತ್ತ ಪುಲಿ ಅಂತ ನಡುವೆ ಕೂತು ಗಡ್ಡ ಕೆರ್ಕೊಳ್ಳೋದು!’’

ನಾನು ಗಡ್ಡ ಕೆರೆಯುವುದನ್ನು ನಿಲ್ಲಿಸಿದೆ. ಬೇರೇನೂ ಮಾಡಲಿಲ್ಲ. ಕಡೆಗೆ ಕೂಟದ ಹಿರಿಯ ಯೆಲ್ಫಾ ಮನೆಬಾಗಿಲಿಗೇ ಬಂದು ಹೇಳಿದ: ‘‘ಸೋಮವಾರ ಸಂತೆ. ಅವತ್ತು ಹತ್ತು. ಹತ್ತದಿದ್ರೆ ಸಂಜೆ ಒಳಗೆ ಕರಣೆ ನನ್ನ ಕಾಲ್ಹತ್ರ ಇರ್ಬೇಕು.’’

ಸೋಮವಾರ ಬೆಳಗ್ಗೆ ದಾದೋ ಮನೆಯ ಮುಂದೆ ನಿಚ್ಚಣಿಕೆ ಹಾಕಿಸಿದೆ. ಒಂದು ಕೈ ಅದರ ಮೇಲಿಟ್ಟೆ. ಒಂದು ಕಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟೆ. ಹಾಗೇ ನಿಂತೆ. ಬಿಸಿಲೇರಿತು. ಮನೆಯ ಹೆಂಗಸರು ನದಿಯಿಂದ ನೀರು ತಂದು ಗಾರೆ ಕಲಸಿದರು. ಸಂತೆ ತುಂಬಿತು. ಉಪ್ಪಿನ ಹಲಗೆಗಳು ಇಳಿದವು, ಒಣಮೀನಿನ ಬುಟ್ಟಿಗಳು ಏರಿದವು. ನಾನು ಮಾತ್ರ ಅಲ್ಲೇ. ಕೇಳಿದವರಿಗೆ ‘ಗೋಡೆಯ ಜೊತೆ ಮಾತಾಡ್ತಿದೀನಿ’ ಎಂದೆ. ಒಂದಿಬ್ಬರು ನನ್ನ ಭಕ್ತಿಗೆ ತಲೆದೂಗಿದರು.

ಆಗ ಬಂದ ಅತೆಮೆ ಗಿಂದೋ.

ಅತೆಮೆ ದೊಗೊನ್ ಕುಲದವನು. ಪೂರ್ವದ ಕಡಿದಾದ ಬಂಡೆಗಳ ಊರಿನಿಂದ ವರ್ಷಕ್ಕೊಮ್ಮೆ ಕತ್ತೆಗಳ ಮೇಲೆ ಸಜ್ಜೆ ಹೇರಿಕೊಂಡು ಬರುತ್ತಿದ್ದ. ನಮಗೂ ದೊಗೊನರಿಗೂ ಗೇಲಿಯ ನಂಟು. ಹಿಂದೊಮ್ಮೆ ಬರಗಾಲದಲ್ಲಿ ದೊಗೊನರ ಮಗುವೊಂದು ಹಸಿವಿನಿಂದ ಸಾಯುತ್ತಿದ್ದಾಗ ನಮ್ಮ ಮೂಲಪುರುಷ ತನ್ನ ತೊಡೆಯನ್ನೇ ಕೊಯ್ದು ಸುಟ್ಟು ತಿನ್ನಿಸಿದನಂತೆ. ಅಂದಿನಿಂದ ಬೊಜೊ ದೊಗೊನನಿಗೆ ಏನು ಬೇಕಾದರೂ ಬೈಯಬಹುದು, ದೊಗೊನ್ ಬೊಜೊನಿಗೆ ಏನು ಬೇಕಾದರೂ ಅನ್ನಬಹುದು. ಆದರೆ ಇಬ್ಬರಲ್ಲಿ ಯಾರೂ ಮುನಿಯುವಂತಿಲ್ಲ. ಮುನಿದರೆ ಆ ತೊಡೆಯ ಮಾಂಸಕ್ಕೇ ಉಗಿದ ಹಾಗೆ. ಇದು ಗಾವೋದಲ್ಲಿ ಕೂತ ದೊರೆಯ ಕಟ್ಟಳೆಗಿಂತ ಹಳೆಯದು, ಅದಕ್ಕಿಂತ ಬಿಗಿಯಾದದ್ದು.

‘‘ಏನಲೇ ಮೀನ ತಿನ್ನಾಂವ!’’ ಎಂದು ದೂರದಿಂದಲೇ ಕೂಗಿದ ಅತೆಮೆ. ‘‘ನಿನ್ನ ಹೆಣದ ಮಣ್ಣಿಗಂತ ಇಷ್ಟು ದೂರ ನಡಕೊಂಡು ಬಂದ್ರ, ನೀ ಇನ್ನಾ ಉಸಿರಾಡಾಕ ಹತ್ತೀಯಲ್ಲೋ!’’

‘‘ಬಾರೋ ಬಂಡೆ ಕೋತಿ,’’ ಎಂದೆ. ‘‘ನಮ್ಮ ತಾತನ ತೊಡೆ ಇನ್ನೂ ನಿನ್ನ ಹಲ್ಲಲ್ಲಿ ಸಿಕ್ಕೊಂಡಿದೆ. ಬಾಯಿ ಮುಕ್ಕಳಿಸಿ ಮಾತಾಡು.’’

‘‘ಅದಕ್ಕ ನೋಡು ನನ್ನ ಬಾಯಿ ಮೀನ ನಾತ ಹೊಡೀತೈತಿ!’’

ಸುತ್ತಲಿನವರು ನಕ್ಕರು. ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಅವನು ಕತ್ತೆಗಳನ್ನು ಕಟ್ಟಿ, ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನನ್ನೇ ನೋಡತೊಡಗಿದ. ಬಂಡೆಯ ಮೇಲೆ ಹುಟ್ಟಿ ಬೆಳೆದವನ ಕಣ್ಣು ಅದು. ನನ್ನ ಕಾಲು ನೋಡಿದ, ನಿಚ್ಚಣಿಕೆ ಹಿಡಿದ ಕೈಯ ಗೆಣ್ಣು ನೋಡಿದ, ಮುಖದ ಬೆವರು ನೋಡಿದ. ಆಮೇಲೆ ಎದ್ದು ನಿಂತು ಸಂತೆಗೆಲ್ಲ ಕೇಳುವಂತೆ ಕೂಗಿದ.

‘‘ಕೇಳ್ರಪೋ ಜೆನ್ನೆ ಮಂದಿ! ಈ ನಿಮ್ಮ ದೊಡ್ಡ ಗಾರಿಯಾಂವಗ ಎತ್ತರಂದ್ರ ಅಂಜಿಕಿ! ಮುಂಜಾನಿಂದ ಒಂದ ಮೆಟ್ಟಲಾ ಹತ್ತಿಲ್ಲ. ಇಂವ ಮ್ಯಾಲ ಹತ್ತಿದ ದಿನ ನನ್ನ ಕತ್ತಿ ಮೊಟ್ಟಿ ಇಡತೈತಿ!’’

ಸಂತೆಯೇ ನಕ್ಕಿತು. ಯೆಲ್ಫಾ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊಸ್ತಿಲಲ್ಲಿ ಕೂತಿದ್ದ ದಾದೋ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಒಬ್ಬರೂ ನಂಬಲಿಲ್ಲ, ಗೊತ್ತೆ? ಬೊಜೊನ ಬಗ್ಗೆ ದೊಗೊನ್ ಹೇಳಿದ್ದನ್ನು ನಂಬುವ ಮಳ್ಳ ಯಾರಿದ್ದಾನೆ? ಅವನು ನನ್ನನ್ನು ಮೊಸಳೆ ಹೆತ್ತಿತು ಎಂದಿದ್ದರೂ ಹೀಗೇ ನಗುತ್ತಿದ್ದರು. ನಾನು ಮಾಡಬೇಕಿದ್ದದ್ದು ಇಷ್ಟೇ: ನಕ್ಕು, ‘ಹೌದಪ್ಪ, ಮೇಲೆ ಹತ್ತಿದ್ರೆ ನಿನ್ನ ಬೋಳುತಲೆ ಕಣ್ಣಿಗೆ ಹೊಡೆಯುತ್ತೆ’ ಅನ್ನಬೇಕಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಂದಿದ್ದರೆ ನನ್ನ ಗುಟ್ಟು ಊರೆಲ್ಲ ಕೇಳಿಯೂ ಗುಟ್ಟಾಗಿಯೇ ಉಳಿಯುತ್ತಿತ್ತು.

ನಾನೇನು ಮಾಡಿದೆ? ಪಕ್ಕದಲ್ಲಿ ಕಲಸಿಟ್ಟಿದ್ದ ಒಂದು ಮುದ್ದೆ ಗಾರೆ ಎತ್ತಿ ಅವನ ಮುಖಕ್ಕೆ ಬೀಸಿ ಹೊಡೆದೆ.

‘‘ಮುಚ್ಚೋ ಬಾಯಿ!’’ ಎಂದು ಕಿರುಚಿದೆ. ‘‘ನಿನಗೇನೋ ಗೊತ್ತು ನನ್ನ ಸಂಕಟ?’’

ನಗು ನಿಂತಿತು. ಬೊಜೊ ಒಬ್ಬ ದೊಗೊನನ ಮೇಲೆ ಮುನಿದದ್ದನ್ನು ಆ ಸಂತೆಯಲ್ಲಿದ್ದ ಯಾರೂ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಗೇಲಿಗೆ ಯಾರಾದರೂ ಮುನಿಯುತ್ತಾರೆಯೆ? ಮುನಿದನೆಂದರೆ ಅದು ಗೇಲಿಯಲ್ಲ, ನಿಜ. ಆ ಲೆಕ್ಕ ಒಂದೊಂದೇ ಮುಖದಲ್ಲಿ ಬಗೆಹರಿಯುವುದು ನನಗೆ ಕಾಣಿಸುತ್ತಿತ್ತು. ಇಪ್ಪತ್ತಾರು ವರ್ಷ ಹಲ್ಲು ಕಚ್ಚಿ ಮುಚ್ಚಿಟ್ಟದ್ದನ್ನು ನಾನೇ ಒಂದು ಮುದ್ದೆ ಮಣ್ಣಿನಲ್ಲಿ ಬಯಲು ಮಾಡಿಕೊಂಡಿದ್ದೆ. ಅತೆಮೆ ಬಾಯಿಬಿಟ್ಟಿದ್ದರಿಂದ ನನ್ನ ಮಾನ ಹೋಗಲಿಲ್ಲ, ನಾನು ಬಾಯಿಬಿಟ್ಟಿದ್ದರಿಂದ ಹೋಯಿತು.

ದಾದೋ ಎದ್ದು ಬಂದರು. ‘‘ಕೊಮುಸಾ, ಇಷ್ಟು ವರ್ಷ ನನ್ನ ಮನೆ ಮೇಲೆ ಹತ್ತಿದ್ದು ಯಾರು?’’

‘‘ಬೆಸೆರೆ.’’

‘‘ಮತ್ತೆ ನೀನು?’’

‘‘ಕೂಗ್ತಿದ್ದೆ,’’ ಎಂದೆ.

ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು. ‘‘ಮೊದ್ಲೇ ಹೇಳಿದ್ರೆ ಆಗ್ತಿರ್ಲಿಲ್ವಾ? ನನ್ನ ಗಂಡನ ಕೈಬರಹ ಆ ಕಾಗದದ ಮೇಲಿದೆ ಕಣೋ,’’ ಎಂದು ಒಳಗೆ ಹೋದರು. ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಬಾಯಿಬಿಟ್ಟಿದ್ದರೂ ಇಳಿಯಲು ಹೆದರುತ್ತಿದ್ದೆನೋ ಏನೋ.

ಯೆಲ್ಫಾ ಮುಂದೆ ಬಂದ. ‘‘ಕರಣೆ ವಿಷಯ ಆಮೇಲೆ. ಮೊದಲು ದಂಡ. ಗೇಲಿಗೆ ಮುನಿದೋನು ನಂಟ ಕೇಳಿದ್ದು ಕೊಡ್ಬೇಕು. ಆ ದಂಡ ತೀರೋವರ್ಗೂ ಬೇರೆ ಯಾವ ಮಾತೂ ಇಲ್ಲ. ಕೇಳಪ್ಪ ದೊಗೊನ್.’’

ಅತೆಮೆ ಮುಖದ ಗಾರೆ ಒರೆಸಿಕೊಳ್ಳುತ್ತಿದ್ದ. ಒಂದು ಚೂರು ಮೂಸಿ ನೋಡಿ, ‘‘ಗಾರಿ ಛಲೋ ಹದಾ ಆಗೇತಿ,’’ ಎಂದ. ಕೋಲಾ ಕಾಯಿಯೊಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. ನನ್ನ ದೋಣಿ ಕೇಳುತ್ತಾನೆ ಎಂದುಕೊಂಡೆ. ಬಲೆ ಕೇಳುತ್ತಾನೆ ಎಂದುಕೊಂಡೆ. ಅವನು ಕೈಯೆತ್ತಿ ದಾದೋ ಮನೆಯ ನೆತ್ತಿ ತೋರಿಸಿದ.

‘‘ನಾಳಿ ಮಧ್ಯಾಹ್ನ ನಾ ಅಲ್ಲಿ ತುದೀ ಮ್ಯಾಲ ಕಾಲ ಇಳಿಬಿಟ್ಟು ಕುಂತಿರತೀನಿ. ನನಗ ಬಿಸಿ ಅನ್ನ, ಮ್ಯಾಲ ದೊಡ್ಡದೊಂದು ಮೀನ, ಇಂವ ತನ್ನ ಕೈಯಾರೆ ಅಲ್ಲಿಗೆ ತಂದು ಬಡಸಬೇಕು. ಒಳಗಿನ ಮೆಟ್ಟಲದಿಂದ ಅಲ್ಲ ಮತ್ತ. ಹೊರಗಿಂದ. ಗೂಟಾ ಹಿಡಕೊಂಡು.’’

ಸಂತೆ ಮತ್ತೆ ನಕ್ಕಿತು. ಬೇರೆಯವನು ಗೋಡೆಯ ಮೇಲೆ ಕೂರಬಹುದೆ ಎಂದು ಯಾರೋ ತಕರಾರು ತೆಗೆದರು. ದಾದೋ ಒಳಗಿನಿಂದಲೇ ಹೇಳಿದರು, ‘‘ನನ್ನ ಮನೆ ಅತಿಥಿ ಎಲ್ಲಿ ಕೂತು ಉಂಡ್ರೆ ಯಾರಿಗೇನು? ಅವನು ಗಾರೆ ಮುಟ್ಟದಿದ್ರೆ ಸರಿ.’’

ಮರುದಿನ ಪಿಂದಾ ಅನ್ನದ ಮೇಲೆ ಮೀನಿಟ್ಟು, ಬಟ್ಟಲನ್ನು ಬಟ್ಟೆಯಲ್ಲಿ ಕಟ್ಟಿ, ಕೂಸನ್ನು ಕಟ್ಟುವ ಹಾಗೆ ನನ್ನ ಬೆನ್ನಿಗೆ ಬಿಗಿದಳು. ‘‘ಬಿದ್ರೆ ಬೋರಲು ಬೀಳಿ. ಬಟ್ಟಲು ಒಳ್ಳೇದು,’’ ಎಂದಳು. ಕಣ್ಣಲ್ಲಿ ನೀರಿತ್ತು. ಅತೆಮೆ ಮೇಲಿನಿಂದ ಆನೆಹುಣಸೆ ಮರದ ನಾರಿನ ಹಗ್ಗ ಇಳಿಬಿಟ್ಟ. ಅವರ ಊರಿನಲ್ಲಿ ಕಡಿದಾದ ಬಂಡೆ ಹತ್ತುವ ಹಗ್ಗ ಅದು. ಒಂದು ತುದಿ ನನ್ನ ಸೊಂಟಕ್ಕೆ, ಇನ್ನೊಂದು ಅವನ ಸೊಂಟಕ್ಕೆ.

ಹತ್ತಿದೆ. ಹೇಗೆ ಹತ್ತಿದೆ ಅಂತ ಕೇಳಬೇಡಿ, ಕಣ್ಣು ಮುಚ್ಚಿಕೊಂಡಿದ್ದೆ. ಅಪ್ಪ ಕಿವಿಯಲ್ಲಿ ಹೇಳಿದ್ದ ಮಂತ್ರವನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಅರ್ಧ ದಾರಿಯಲ್ಲಿ ಹೊಳೆಯಿತು, ಅದು ಗೋಡೆ ಬೀಳದಿರಲೆಂಬ ಮಂತ್ರ, ಗಾರೆಯವನು ಬೀಳದಿರಲೆಂದು ಅಪ್ಪ ಏನೂ ಹೇಳಿಕೊಟ್ಟಿರಲಿಲ್ಲ. ಅಲ್ಲೇ ಗೂಟವೊಂದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತುಬಿಟ್ಟೆ.

‘‘ಯಾಕಲೇ, ಗೂಟದ ಜೋಡಿ ಮದುವಿ ಆತೇನು?’’ ಎಂದ ಮೇಲಿನಿಂದ ಅತೆಮೆ. ‘‘ನಮ್ಮೂರಾಗ ಬಸುರಿ ಆಡು ಇದಕ್ಕಿಂತ ಲಗೂ ಹತ್ತತಾವ!’’

‘‘ನಿಮ್ಮೂರಲ್ಲಿ ಆಡೂ ನೀವೂ ಒಂದೇ ವಂಶ, ಅದಕ್ಕೆ!’’ ಎಂದೆ. ಬಾಯಿ ತೆರೆದಾಗ ಕೈ ಸಡಿಲವಾಯಿತು. ಕೈ ಸಡಿಲವಾದಾಗ ಮುಂದಿನ ಗೂಟ ಸಿಕ್ಕಿತು. ಅವನು ಬೈದ, ನಾನು ಬೈದೆ, ಒಂದೊಂದು ಬೈಗುಳಕ್ಕೆ ಒಂದೊಂದು ಗೂಟ. ಬೈಗುಳ ಅವನ ಅಜ್ಜಿಯವರೆಗೆ ಹೋಗುವಷ್ಟರಲ್ಲಿ ನಾನು ನೆತ್ತಿ ಮುಟ್ಟಿದ್ದೆ.

ಒಡೆದ ನೀರುದೋಣಿಯ ಪಕ್ಕದ ಗೂಟದ ಮೇಲೆ ನನ್ನನ್ನು ಕೂರಿಸಿಕೊಂಡು ಅತೆಮೆ ಬಟ್ಟಲು ಬಿಚ್ಚಿದ. ಮೇಲೆ ಒಂದು ಬುಟ್ಟಿ ಗಾರೆ ಮೊದಲೇ ಬಂದಿತ್ತು. ದಾದೋ ಒಳಮೆಟ್ಟಿಲಿನಿಂದ ಹೊರಿಸಿದ್ದರಂತೆ.

‘‘ನಾ ಉಣ್ಣೋತನಾ ನೀ ಕೆಳಗ ಇಳಿಯಂಗಿಲ್ಲ,’’ ಎಂದ. ‘‘ಸುಮ್ಮನ ಕುಂತು ನನ್ನ ತುತ್ತು ಎಣಸಬ್ಯಾಡ. ಅಲ್ಲೊಂದು ತೂತು ಐತಿ ನೋಡು.’’

ನೋಡಿದೆ. ಅಪ್ಪನ ಗೋಡೆ. ಮಳೆ ಕೊರೆದು ಇಟ್ಟಿಗೆಗಳ ದುಂಡು ಬೆನ್ನು ಹೊರಗೆ ಕಾಣುತ್ತಿತ್ತು. ಕೈ ತಾನಾಗಿ ಬುಟ್ಟಿಗೆ ಹೋಯಿತು. ಮೊದಲ ಮುದ್ದೆ ಮೆತ್ತಿದೆ, ಅಂಗೈಯಲ್ಲಿ ಸವರಿದೆ. ಇಪ್ಪತ್ತಾರು ವರ್ಷಗಳಲ್ಲಿ ಬಾಗಿಲಿಗಿಂತ ಮೇಲೆ ನಾನು ಮೆತ್ತಿದ ಮೊದಲ ಮಣ್ಣು ಅದು. ನನಗೆ ಅಳು ಬಂತು, ಸಿಂಬಳವೂ ಬಂತು. ಎರಡೂ ಕೈ ತುಂಬ ಗಾರೆ ಇದ್ದದ್ದರಿಂದ ಮೂಗು ಒರೆಸಿಕೊಳ್ಳಲಾಗದೆ ಹಾಗೇ ಕೆಲಸ ಮಾಡಿದೆ.

ಅತೆಮೆ ಉಣ್ಣುವುದು ಮುಗಿಯಲೇ ಇಲ್ಲ. ಒಂದೊಂದೇ ಅಗುಳು, ಒಂದೊಂದೇ ಮುಳ್ಳು.

‘‘ಬೇಗ ತಿನ್ನೋ ಮಾರಾಯ!’’

‘‘ಏನ ತಿನ್ನಲಿ? ಥೂ, ಏನ ನಾತ ಇದು! ಸತ್ತರೂ ಮೀನ ಮುಟ್ಟಂಗಿಲ್ಲಂತ ನಮ್ಮವ್ವಗ ಆಣಿ ಮಾಡಿದ್ದೆ. ನಿನ್ನ ಸಲುವಾಗಿ ನರಕಕ್ಕ ಹೊಂಟೇನಿ.’’

ನಾನು ನಕ್ಕೆ. ದೊಗೊನ್ ಹೇಳಿದ್ದನ್ನು ನಂಬುವವರುಂಟೆ? ಬೈದುಕೊಂಡೇ ಬಾಲದವರೆಗೂ ತಿಂದು ಮುಗಿಸುತ್ತಾನೆ ಹೊಟ್ಟೆಬಾಕ ಎಂದುಕೊಂಡೆ. ಬಿಸಿಲು ಇಳಿಯುವವರೆಗೆ ಅವನು ತಿಂದ, ನಾನು ಮೆತ್ತಿದೆ. ಇಳಿಯುವಾಗ, ‘‘ನಾಳಿಗೂ ಹಿಂಗ ತಾ, ಹೊಟ್ಟಿ ತುಂಬಲಿಲ್ಲ,’’ ಎಂದ. ನಾಲ್ಕು ದಿನ ಹೀಗೆ ಊಟ ಹೊತ್ತೆ. ಐದನೆಯ ದಿನ ಮಧ್ಯಾಹ್ನ ಆಕಾಶ ಕಳಚಿ ಬಿದ್ದ ಹಾಗೆ ಮಳೆ ಸುರಿಯಿತು. ದಾದೋ ನನ್ನನ್ನು ಪುಸ್ತಕದ ಕೋಣೆಗೆ ಕರೆದು, ನನ್ನ ಕೈ ಹಿಡಿದು ಒಳಗೋಡೆಗೆ ಒತ್ತಿದರು. ಒಣಗಿತ್ತು.

‘‘ಇನ್ಮೇಲೆ ಕೂಗ್ಬೇಡ, ಹತ್ತು,’’ ಎಂದರು.

ಆಮೇಲೆ ಯೆಲ್ಫಾ ಕರಣೆಯ ಮಾತೆತ್ತಿದ. ‘‘ದಂಡ ತೀರಿತೇನಪ್ಪ ದೊಗೊನ್? ತೀರಿದ್ರೆ ಇವನು ಕರಣೆ ಇಡ್ಲಿ. ಗಾರೆಯವನಾಗಿ ಸುಳ್ಳು ಹೇಳಿದಾನೆ.’’

ಅತೆಮೆ ಕತ್ತೆಯ ಹೊಟ್ಟೆಪಟ್ಟಿ ಬಿಗಿಯುತ್ತಾ, ‘‘ಎಲ್ಲಿ ತೀರತೈತ್ರಿ?’’ ಎಂದ. ‘‘ನಾಕ ಊಟದಾಗ ನನ್ನ ಮಾರಿಗೆ ಬಡದ ಮಣ್ಣ ತೊಳೀತೈತೇನು? ವರ್ಷಾ ಬರತೀನಿ, ವರ್ಷಾ ಉಣ್ಣತೀನಿ. ತೀರಿದಾಗ ಹೇಳತೀನಿ.’’

ಯೆಲ್ಫಾ ಅವನನ್ನೇ ನೋಡಿ, ಸರಿ ಎಂದು ಎದ್ದುಹೋದ. ಕಟ್ಟಳೆ ಕಟ್ಟಳೆಯೇ. ದಂಡ ತೀರುವವರೆಗೆ ಬೇರೆ ಮಾತಿಲ್ಲ.

ಹನ್ನೊಂದು ವರ್ಷ ಅತೆಮೆ ಬಂದ. ಹನ್ನೊಂದು ವರ್ಷ ಗೋಡೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು, ಮುಖ ಸಿಂಡರಿಸಿಕೊಂಡು, ನಮ್ಮ ವಂಶವನ್ನು ಬೈಯುತ್ತಾ ಮೀನು ತಿಂದ. ನಾನು ಎತ್ತರಕ್ಕೆ ಹೆದರುವುದನ್ನು ಬಿಟ್ಟೆ ಎಂದುಕೊಂಡಿರಾ? ಇಲ್ಲ. ಪ್ರತಿವರ್ಷ ಅಷ್ಟೇ ನಡುಗಿದೆ. ಹಗ್ಗದ ಆ ತುದಿಯಲ್ಲಿ ಅವನ ತೂಕ ಇದ್ದರೆ, ಅವನ ಬೈಗುಳ ಕಿವಿಗೆ ಬಿದ್ದರೆ, ನಡುಗುತ್ತಲೇ ಹತ್ತುತ್ತಿದ್ದೆ. ಅವನಿಲ್ಲದೆ ಒಮ್ಮೆ ನಮ್ಮ ಮನೆಯ ಕೋಳಿಗೂಡಿನ ಮೇಲೆ ಹತ್ತಿ, ಇಳಿಯಲಾಗದೆ ಪಿಂದಾಳನ್ನು ಕೂಗಿದ್ದೆ. ಅವಳು ಅಡುಗೆ ಮುಗಿಸಿಯೇ ಬಂದಳು.

ಹನ್ನೆರಡನೆಯ ವರ್ಷ ಸಂತೆಗೆ ಕತ್ತೆಗಳು ಬಂದವು. ಅತೆಮೆ ಬರಲಿಲ್ಲ. ಕತ್ತೆಗಳ ಹಿಂದೆ ಒಬ್ಬ ಹೆಂಗಸು, ಮೂವತ್ತರ ಆಸುಪಾಸು, ಅವನದೇ ಅಗಲ ಹಣೆ. ಹೆಗಲ ಮೇಲೆ ಆ ಹಗ್ಗ.

‘‘ಕೊಮುಸಾ ಅಂದ್ರ ನೀನ ಏನು?’’ ಎಂದಳು. ‘‘ನಾ ಯಾಸಮಾ, ಅತೆಮೆನ ಮಗಳು. ಅಪ್ಪ ಸುಗ್ಗ್ಯಾಗ ತೀರಿಕೊಂಡ.’’

ಸುತ್ತ ಜನ ಸೇರಿದ್ದರು. ಯೆಲ್ಫಾ ಕೋಲೂರಿಕೊಂಡು ಬಂದಿದ್ದ. ದಾದೋ ಹೊಸ್ತಿಲಲ್ಲಿದ್ದರು, ಆ ಹೊತ್ತಿಗೆ ಅವರಿಗೆ ಕಣ್ಣು ಮಂಜು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಗೇಲಿಯ ನಂಟ ಸತ್ತರೆ ಅಳುವಂತಿಲ್ಲ, ಗೇಲಿ ಮಾಡಿಯೇ ಕಳಿಸಬೇಕು. ‘ಅಂತೂ ಸತ್ನಾ ಆ ಕೋತಿ, ಊರಿನ ಮೀನು ಉಳೀತು’ ಅನ್ನಬೇಕು. ಆಗಲೇ ಸತ್ತವನಿಗೆ ನೆಮ್ಮದಿ. ನನಗೂ ಇನ್ನೊಂದು ಲೆಕ್ಕ ಹೊಳೆದಿತ್ತು: ತೆಗೆದುಕೊಳ್ಳಬೇಕಾದವನೇ ಹೋದ ಮೇಲೆ ದಂಡವೂ ತೀರಿತು. ಯೆಲ್ಫಾ ಬಂದು ನಿಂತದ್ದು ಕರಣೆ ಕೇಳಲೆಂದೇ. ಗೋಡೆ ಹತ್ತಲು ಹಗ್ಗದ ಆ ತುದಿಯಲ್ಲಿ ಇನ್ನು ಯಾರೂ ಇಲ್ಲ.

‘‘ಅಂತೂ ಸತ್ನಾ...’’ ಎಂದೆ. ಮುಂದಿನ ಮಾತು ಬರಲಿಲ್ಲ. ಅಷ್ಟು ಜನರ ಮುಂದೆ, ಬಿಳಿ ಗಡ್ಡ ಹೊತ್ತುಕೊಂಡು, ಕೂಸಿನ ಹಾಗೆ ಗೊಳೋ ಎಂದು ಅತ್ತುಬಿಟ್ಟೆ.

‘‘ಅವತ್ತು ಮುನಿದೆ, ಇವತ್ತು ಅತ್ತೆ,’’ ಎಂದ ಯೆಲ್ಫಾ. ‘‘ಒಬ್ಬ ದೊಗೊನನ ವಿಷಯದಲ್ಲಿ ಒಬ್ಬ ಬೊಜೊ ಮಾಡಬಾರದ್ದು ಎರಡೇ ಇದೆ. ಎರಡನ್ನೂ ಮಾಡಿದ್ಯಲ್ಲೋ!’’

ಯಾಸಮಾ ಹಗ್ಗವನ್ನು ನನ್ನ ಕಾಲ ಬಳಿ ಎಸೆದಳು.

‘‘ಅಪ್ಪ ಹೇಳಿ ಸತ್ತಾನ,’’ ಎಂದಳು. ‘‘‘ಆ ಮೀನ ತಿನ್ನಾಂವ ಅಳತಾನ ನೋಡು. ಅತ್ತರ ಬಿಡಬ್ಯಾಡ, ಹೊಸಾ ದಂಡಾ ಹಾಕು’ ಅಂತ. ಎಲ್ಲಾರೂ ನೋಡೀರಲ್ಲ, ಅತ್ತಾನ. ನಾಳಿ ಮಧ್ಯಾಹ್ನ ನಾ ಅಲ್ಲಿ ತುದೀ ಮ್ಯಾಲ ಕುಂತಿರತೀನಿ. ನನಗ ಊಟ ಹೊತಕೊಂಡು ಬಾ.’’

ಯೆಲ್ಫಾ ಕೋಲು ತಿರುಗಿಸಿಕೊಂಡು ಮನೆಯ ಕಡೆ ಹೊರಟ. ದಂಡ ತೀರುವವರೆಗೆ ಅವನಿಗಲ್ಲಿ ಕೆಲಸವಿರಲಿಲ್ಲ.

ನಾನು ಮೂಗು ಒರೆಸಿಕೊಂಡು, ‘‘ತರ್ತೀನಿ ತಾಯಿ. ದೊಡ್ಡ ಮೀನೇ ತರ್ತೀನಿ, ನಿಮ್ಮಪ್ಪ ತಿಂತಿದ್ದ ಹಾಗೆ,’’ ಎಂದೆ.

ಯಾಸಮಾಳ ಮುಖ ಹುಳಿ ಕಚ್ಚಿದ ಹಾಗಾಯಿತು. ‘‘ಮೀನ ಬ್ಯಾಡೋ ಮಾರಾಯಾ! ನಮ್ಮ ಮನ್ಯಾಗ ಯಾರೂ ಮೀನ ಮುಟ್ಟಂಗಿಲ್ಲ. ಅಪ್ಪಗ ವಾಸನಿ ಬಡದ್ರ ಸಾಕು, ವಾಂತಿ. ವರ್ಷಾ ಜೆನ್ನೆಯಿಂದ ಬಂದ ಮ್ಯಾಲ ಎಂಟ ದಿನ ಹೊಟ್ಟಿ ಹಿಡಕೊಂಡು ಮಲಗತಿದ್ದ. ಯಾಕ ತಿಂತಿ, ಬ್ಯಾರೆ ಏನರೆ ಕೇಳಂದ್ರ, ‘ಮುಳ್ಳ ಇದ್ದದ್ದ ಛಲೋ, ತಡಾ ಆಗತೈತಿ, ಅಷ್ಟೊತ್ತು ಅಂವ ಮ್ಯಾಲ ಇರತಾನ’ ಅಂತಿದ್ದ.’’

ತನಗೆ ಮೀನು ಆಗದೆಂದು ಹನ್ನೊಂದು ವರ್ಷ ಅವನು ನನ್ನ ಮುಖಕ್ಕೇ ಹೇಳಿದ್ದ. ನಾನು ನಕ್ಕಿದ್ದೆ.

ಮರುದಿನ ಪಿಂದಾ ಸಜ್ಜೆಯ ಗಂಜಿ ಕಾಯಿಸಿ, ಬಟ್ಟಲನ್ನು ಬೆನ್ನಿಗೆ ಬಿಗಿದಳು. ಮೇಲಿನಿಂದ ಹಗ್ಗ ಇಳಿದು ಬಂತು. ನಾನು ಕಣ್ಣು ಮುಚ್ಚಿ ಮೊದಲ ಗೂಟ ಹಿಡಿದುಕೊಂಡೆ.

‘‘ಏನಲೇ ಮೀನ ತಿನ್ನಾಂವ,’’ ಎಂದಳು ಯಾಸಮಾ, ‘‘ಗಂಜಿ ಆರೂಕಿಂತ ಮದಲ ಬರತೀಯೋ, ಇಲ್ಲಾ ಗೂಟದ ಜೋಡಿ ಮದುವಿ ಆಗಿ ಬರತೀಯೋ?’’

‘‘ಬಂದೆ ಇರೇ, ಕೋತಿ ಮರಿ,’’ ಎಂದು ಎರಡನೆಯ ಗೂಟಕ್ಕೆ ಕೈ ಚಾಚಿದೆ.